‘ಪೌಡರ್ ಕುಡಿದರೆ ಮೈ ಬರುತ್ತದೆಯೇ?’: ಪೋಷಣೆಯ ಪಾಠದಲ್ಲಿ ಒಂದು ವಿಸ್ತರಣಾ ಚಟುವಟಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಸಾಸ್ತಾನದ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಗೆ ‘ಜೀವಕ್ರಿಯೆಗಳು’ ಘಟಕದ ಪೋಷಣೆಯ ಭಾಗವನ್ನು ಬೋಧಿಸಿದೆ. ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ ಎಂದು ವಿವರಿಸುವಾಗ ಹುಡುಗನೊಬ್ಬ ಕೇಳಿದ: “ಟೀಚರೆ, ಪೌಡರ್ ಕುಡ್ದ್ರೆ ಮೈ ಬತ್ತಾ?” ತರಗತಿ ನಕ್ಕಿತು. ವಿಚಾರಿಸಿದಾಗ, ಪರೀಕ್ಷೆ ಮುಗಿದೊಡನೆ ಜಿಮ್‌ಗೆ ಸೇರಿ ಡಬ್ಬಿ ಕೊಳ್ಳಲು ಮೂವರು ಹಣ ಕೂಡಿಡುತ್ತಿದ್ದುದು ತಿಳಿಯಿತು. ಆದ್ದರಿಂದ ಮುಂದಿನ ಎರಡು ಅವಧಿಗಳನ್ನು ಈ ಪ್ರಶ್ನೆಗೇ ಮೀಸಲಿಟ್ಟೆ.

ಪ್ರಶ್ನೆಯನ್ನು ಬಿಡಿಸುವುದು

‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಮಾತಿನ ಉತ್ತರ ಇಲ್ಲಿ ಸಾಲದು. ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ: ಯಾವ ವಸ್ತು? ಯಾರಿಗೆ? ಯಾವುದಕ್ಕೆ ಹೋಲಿಸಿದರೆ?

ಚಟುವಟಿಕೆ 1: ಯಾವ ವಸ್ತು?

ಮೊಟ್ಟೆಯ ಬಿಳಿ, ಅರೆದ ಹೆಸರುಕಾಳಿನ ನೀರು, ಒಡೆದ ಹಾಲಿನ ತಿಳಿನೀರು, ಪ್ರೋಟೀನ್ ಪೌಡರಿನ ದ್ರಾವಣ, ಸಕ್ಕರೆ ನೀರು – ಐದು ಪ್ರನಾಳಗಳಲ್ಲಿ ತೆಗೆದುಕೊಂಡೆವು. ಕಾಸ್ಟಿಕ್ ಸೋಡಾ ಮತ್ತು ಕಾಪರ್ ಸಲ್ಫೇಟ್ ದ್ರಾವಣಗಳನ್ನು ನಾನೇ ಸೇರಿಸಿದೆ. ಮೊದಲ ನಾಲ್ಕರಲ್ಲಿ ನೇರಳೆ ಬಣ್ಣ ಬಂತು, ಸಕ್ಕರೆ ನೀರಿನಲ್ಲಿ ಬರಲಿಲ್ಲ. ವೇ ಪ್ರೋಟೀನ್ ಎಂದರೆ ಒಡೆದ ಹಾಲಿನ ತಿಳಿನೀರಿನಲ್ಲಿರುವ ಪ್ರೋಟೀನೇ. ಹಾಲಿನ ಒಟ್ಟು ಪ್ರೋಟೀನಿನಲ್ಲಿ ಅದು ಸುಮಾರು ಐದರಲ್ಲಿ ಒಂದು ಪಾಲು. ‘ಹಾಂಗಾರೆ ಇದೂ ಊಟವೇ’ ಎಂಬ ತೀರ್ಮಾನಕ್ಕೆ ಮಕ್ಕಳೇ ಬಂದರು. ಈ ಪರೀಕ್ಷೆ ಪ್ರೋಟೀನು ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ ಎಂಬುದನ್ನೂ ಬರೆಸಿದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ ಮಾರಾಟವಾಗುವ 36 ಪೌಡರುಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಶೇ. 70ರಷ್ಟರಲ್ಲಿ ಪ್ರೋಟೀನಿನ ಪ್ರಮಾಣ ಲೇಬಲ್ಲಿಗೆ ಹೊಂದಲಿಲ್ಲ. ಕೆಲವದರಲ್ಲಿ ಶಿಲೀಂಧ್ರದ ವಿಷಾಂಶವೂ ಇತ್ತು.

ಕ್ರಿಯೇಟಿನ್ ಬೇರೆ ವಸ್ತು. ಮೀನು, ಮಾಂಸದಲ್ಲಿರುವ ಇದು ಸ್ನಾಯುವಿನಲ್ಲಿ ಎಟಿಪಿ ಬೇಗ ಮರುತಯಾರಾಗಲು ನೆರವಾಗುತ್ತದೆ. ಭಾರ ಎತ್ತುವಂತಹ ಚುಟುಕು ಶ್ರಮದಲ್ಲಿ ಅದರಿಂದ ಪ್ರಯೋಜನವಿದೆ ಎಂಬುದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಮೊದಲ ದಿನಗಳಲ್ಲಿ ಏರುವ ತೂಕದಲ್ಲಿ ನೀರಿನ ಪಾಲು ದೊಡ್ಡದು.

ಚಟುವಟಿಕೆ 2: ಯಾರಿಗೆ?

ಇಲ್ಲಿ ನಮ್ಮ ಕಡೆಯ ಉದಾಹರಣೆ ಸಿಕ್ಕಿತು. ಕುಂದಾಪುರ ತಾಲೂಕಿನ ವಂಡ್ಸೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದವರು; 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚು ಗೆದ್ದರು. ಭಾರ ಎತ್ತುವ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಿಕ್ಕಿದ ಮೇಲೆ, ಇನ್ನಷ್ಟು ತಿಂದರೂ ಸ್ನಾಯು ಹೆಚ್ಚು ಬೆಳೆಯುವುದಿಲ್ಲ ಎಂದು 2018ರಲ್ಲಿ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿತು. ಅಂದರೆ 56 ಕಿಲೋ ತೂಕದ ಪಟುವಿಗೆ ಸುಮಾರು 90 ಗ್ರಾಂ. 13ರಿಂದ 15 ವರ್ಷದ ಸಾಮಾನ್ಯ ಹುಡುಗನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಶಿಫಾರಸು 45 ಗ್ರಾಂ, ಹುಡುಗಿಗೆ 43 ಗ್ರಾಂ.

ಚಟುವಟಿಕೆ 3: ಯಾವುದಕ್ಕೆ ಹೋಲಿಸಿದರೆ?

ಹಿಂದಿನ ದಿನ ತಿಂದದ್ದನ್ನು ಪ್ರತಿಯೊಬ್ಬರೂ ಪಟ್ಟಿ ಮಾಡಿದರು. ಅಂದಾಜು ಲೆಕ್ಕಕ್ಕೆ ಈ ಅಂಕಿಗಳನ್ನು ಕೊಟ್ಟೆ: ಕಾಲು ಕಿಲೋ ಕುಚ್ಚಲಕ್ಕಿಯಲ್ಲಿ 18 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ 19, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಹೆಸರು ಅಥವಾ ಶೇಂಗಾದಲ್ಲಿ 7, ಒಂದು ಲೋಟ ಹಾಲಿನಲ್ಲಿ 6. ಇವಿಷ್ಟೂ ಇದ್ದ ದಿನ ಮೊತ್ತ 56 ಗ್ರಾಂ. ಮೀನು, ಮೊಟ್ಟೆ ಇಲ್ಲದ ದಿನ 31 ಮಾತ್ರ. ಆಗ ಶೇಂಗಾ, ಹುರುಳಿ ಎರಡೂ ಸೇರಬೇಕು.

ಪೌಡರಿನ ಆಸೆಯಿದ್ದ ಮೂವರು ಹುಡುಗರ ಮೊತ್ತವೂ 45 ದಾಟಿತ್ತು. ಪೌಡರಿನ ಮಾತೇ ಎತ್ತದ ನಾಲ್ವರು ಹುಡುಗಿಯರ ಮೊತ್ತ 35ನ್ನೂ ಮುಟ್ಟಲಿಲ್ಲ. ಇಬ್ಬರು ಬೆಳಿಗ್ಗೆ ಬರೀ ಚಾ ಕುಡಿದು ಬಂದಿದ್ದರು. ಒಂದು ದಿನದ ಪಟ್ಟಿಯಿಂದ ಕೊರತೆಯಿದೆ ಎಂದು ತೀರ್ಮಾನಿಸಲಾಗದು. ಆದರೂ ಹೆಸರು ಹೇಳದೆ ಅಂಕಿಗಳನ್ನಷ್ಟೇ ಹಲಗೆಯ ಮೇಲೆ ಬರೆದಾಗ ತರಗತಿ ಸುಮ್ಮನಾಯಿತು.

ಮೌಲ್ಯಮಾಪನ ಮತ್ತು ಸಲಹೆ

ಒಂದು ಜಾಹೀರಾತನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ ಬರೆಯುವುದು ಮನೆಗೆಲಸ. “ಬಂಗುಡೆ ಇದ್ದ ದಿನ ಡಬ್ಬಿ ಬೇಡ, ಇಲ್ಲದ ದಿನ ಹೆಸರು ಬೇಕು” ಎಂದು ಒಬ್ಬ ಬರೆದ. ಊಟದಲ್ಲಿ ಪ್ರೋಟೀನು ಸಾಲದಿದ್ದು ವ್ಯಾಯಾಮವೂ ನಡೆಯುತ್ತಿದ್ದರೆ ಪೌಡರು ಆ ಕೊರತೆ ತುಂಬಬಲ್ಲದು, ಊಟದಲ್ಲೇ ಸಿಗುತ್ತಿದ್ದರೆ ಹಣ ಪೋಲು ಎಂಬಲ್ಲಿಗೆ ತರಗತಿ ತಲುಪಿತು. ಸ್ನಾಯುವಿಗಾಗಿ ಪ್ರೋಟೀನ್ ಪೌಡರ್ ಬೇಡವೆಂದೇ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಈ ಚಟುವಟಿಕೆ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಊಟದ ಪಟ್ಟಿ ಮನೆಯ ಬಡತನವನ್ನೂ ತೋರಿಸುತ್ತದೆ. ಅದನ್ನು ಗಟ್ಟಿಯಾಗಿ ಓದಿಸಬೇಡಿ. ಕಡಿಮೆ ಮೊತ್ತ ಬಂದವರ ವಿಷಯವನ್ನು ತರಗತಿ ಶಿಕ್ಷಕರಿಗೆ ಪ್ರತ್ಯೇಕವಾಗಿ ತಿಳಿಸಿ. ಶಾಲೆಯ ಹಾಲು, ಮೊಟ್ಟೆಯನ್ನು ಆ ಮಕ್ಕಳು ತಪ್ಪದೆ ತೆಗೆದುಕೊಳ್ಳುತ್ತಾರೆಯೇ ಎಂದು ನೋಡಿಕೊಳ್ಳುವುದು ಅಲ್ಲಿಂದ ಮುಂದಿನ ಕೆಲಸ.