ಕಷಾಯವನ್ನೂ ಕುಡಿಯಿರಿ, ಕಾರಣವನ್ನೂ ಕೇಳಿ

ದೀಪಾವಳಿಗೆಂದು ಬೆಂಗಳೂರಿನಿಂದ ನಮ್ಮ ತೀರ್ಥಹಳ್ಳಿ ತಾಲೂಕಿನ ಕೋಣಂದೂರಿಗೆ ಬಂದಿಳಿಯುವ ಹುಡುಗ ಹುಡುಗಿಯರ ಬ್ಯಾಗುಗಳಲ್ಲಿ ಈಗೀಗ ಡಬ್ಬಿಗಳೇ ಹೆಚ್ಚು. ಮಲ್ಟಿವಿಟಮಿನ್ ಒಂದು, ಪ್ರೋಟೀನ್ ಪುಡಿ ಒಂದು, ಕೂದಲಿಗೆ ಬಯೋಟಿನ್, ನಿದ್ದೆಗೆ ಅಶ್ವಗಂಧ, ಅಪ್ಪನ ಮಂಡಿಗೆಂದು ತಂದ ಅರಿಸಿನದ ಕ್ಯಾಪ್ಸೂಲ್. ಊರಲ್ಲೇ ಉಳಿದವರೂ ಹಿಂದೆ ಬಿದ್ದಿಲ್ಲ. ಫೋನಿನಲ್ಲಿ ಬಂದ ವಿಡಿಯೊ ನಂಬಿ ಬೆಳಗಾಗುತ್ತಲೇ ಒಬ್ಬರು ಅಮೃತಬಳ್ಳಿ ಜಜ್ಜುತ್ತಾರೆ, ಇನ್ನೊಬ್ಬರು ಬೂದುಗುಂಬಳದ ರಸ ಹಿಂಡುತ್ತಾರೆ. ಪೇಟೆಯವರದೂ ಹಳ್ಳಿಯವರದೂ ಒಂದೇ ನಂಬಿಕೆ: ಮೈಗೆ ಏನೇ ಆಗಲಿ, ಬಾಯಿಗೆ ಏನಾದರೂ ಬಿದ್ದರೆ ಸರಿಹೋಗುತ್ತದೆ. ಈ ನಂಬಿಕೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಊಟದಿಂದ ಬಂದ ತೊಂದರೆಗೆ ಊಟವೇ ಮದ್ದು, ಸಂಶಯವಿಲ್ಲ. ಆದರೆ ಬಂದಿರುವುದು ಊಟದಿಂದಲೇ ಎಂದು ನಿಮಗೆ ಹೇಳಿದವರು ಯಾರು?

ನಮ್ಮ ಅಡುಗೆಮನೆ ಚೆನ್ನಾಗಿ ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ತಂಬುಳಿಯನ್ನೇ ತಗೊಳ್ಳಿ. ಒಂದೆಲಗವೋ ದೊಡ್ಡಪತ್ರೆಯೋ ಪೇರಲೆ ಚಿಗುರೋ ದಾಳಿಂಬೆ ಸಿಪ್ಪೆಯೋ, ಕೈಗೆ ಸಿಕ್ಕಿದ್ದನ್ನು ಜೀರಿಗೆ ಮೆಣಸಿನಕಾಳಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ಕುದಿಸದೆ ಉಣ್ಣುವುದು. ಹೊಟ್ಟೆ ಕೆಟ್ಟವನಿಗೆ ಅಜ್ಜಿಯಂದಿರು ಇದನ್ನು ಗಂಜಿಯ ಜೊತೆ ಕೊಡುತ್ತಿದ್ದರು. ಅದರಲ್ಲಿ ಖಾರ ಕಡಿಮೆ, ಜಿಡ್ಡು ಕಡಿಮೆ, ನೀರಿದೆ, ಉಪ್ಪಿದೆ, ಜೊತೆಗೆ ಅನ್ನದ ಗಂಜಿಯಿದೆ. ಭೇದಿಯಲ್ಲಿ ಮೈಯಿಂದ ಹೋಗುವುದೂ ನೀರು ಮತ್ತು ಉಪ್ಪೇ. ಓಆರ್‌ಎಸ್ ಪೊಟ್ಟಣ ಮಾಡುವುದು ಇದೇ ಕೆಲಸವನ್ನು, ಅಳತೆಯಿಟ್ಟು. ಹಗುರ ಭೇದಿಯಾದರೆ ದೊಡ್ಡವರಿಗೆ ಒಂದು ದಿನದ ಮಟ್ಟಿಗೆ ಗಂಜಿ ಸಾಕು. ಚಿಕ್ಕ ಮಕ್ಕಳಿಗೆ ಮಾತ್ರ ಪೊಟ್ಟಣವೇ ಆಗಬೇಕು, ಅದರ ಜೊತೆ ಆಸ್ಪತ್ರೆಯಲ್ಲಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ 14 ದಿನ ಮುಗಿಸಬೇಕು.

ಮಲಬದ್ಧತೆಗೂ ಪೇಟೆಯ ಪುಡಿ ಬೇಕಿಲ್ಲ. ಬಾಳೆದಿಂಡು, ಹರಿವೆ, ಬಸಳೆ, ಕೆಸುವಿನ ಸೊಪ್ಪು, ಅದರ ಮೇಲೆ ಸಾಕಷ್ಟು ನೀರು. ಮೈದಾ ತಿಂದು ಹತ್ತು ಗಂಟೆ ಕುರ್ಚಿಯಲ್ಲಿ ಕೂತವನಿಗೆ ಇದಕ್ಕಿಂತ ದೊಡ್ಡ ಉಪಚಾರವಿಲ್ಲ.

ನೀವೆಲ್ಲ ‘ಗ್ಯಾಸ್ಟ್ರಿಕ್’ ಎನ್ನುವ ಎದೆಯುರಿಗೆ ಬರೋಣ. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಉಂಡು, ಉಂಡ ಕೂಡಲೇ ಮಲಗಿ, ಬೆಳಗ್ಗೆ ಒಂದು ಪ್ಯಾಂಟೊಪ್ರಜೋಲ್ ನುಂಗುವುದು ನಿಮ್ಮಲ್ಲಿ ಹಲವರಿಗೆ ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿದೆ. ಆ ಮಾತ್ರೆ ಕೆಟ್ಟದ್ದಲ್ಲ, ವೈದ್ಯರು ಹೇಳಿದಷ್ಟು ದಿನ ಬೇಕಾದದ್ದೇ. ವರ್ಷಗಟ್ಟಲೆ ನುಂಗಿದರೆ ಮಾತ್ರ ಹೊಟ್ಟೆಯ ಆಮ್ಲ ಕಡಿಮೆಯಾಗಿ, ಊಟದಲ್ಲಿರುವ ಬಿ12 ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯೂ ಬಿ12 ಹತ್ತುವುದನ್ನು ಕಡಿಮೆ ಮಾಡುತ್ತದೆ. ಸಸ್ಯಾಹಾರಿ ಮನೆಯ ಅರವತ್ತು ದಾಟಿದ ದೊಡ್ಡಪ್ಪ ಇವೆರಡನ್ನೂ ನುಂಗುತ್ತಾ ‘ಕಾಲು ಜುಮುಗುಟ್ಟುತ್ತದೆ, ವಯಸ್ಸಾಯಿತು’ ಎನ್ನುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ಬಿ12 ವಿಷಯದಲ್ಲಿ ನಮ್ಮ ಅಡುಗೆಮನೆಯ ಹೆಮ್ಮೆ ಸೋಲುತ್ತದೆ, ಒಪ್ಪಿಕೊಳ್ಳಬೇಕು. ಯಾವ ಸೊಪ್ಪಿನಲ್ಲೂ ಅದು ಇಲ್ಲ. ಒಂದೆಲಗದಲ್ಲಿಲ್ಲ, ನುಗ್ಗೆಯಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಏಡಿ, ಮಾಂಸ, ಇಷ್ಟರಲ್ಲಿ ಮಾತ್ರ. ಗದ್ದೆಯ ಏಡಿ, ಹೊಳೆಯ ಮೀನು ತಿನ್ನುವ ಮನೆಗಳಿಗೆ ಇದರ ಚಿಂತೆ ಕಡಿಮೆ. ಸಸ್ಯಾಹಾರಿ ಮನೆಯಲ್ಲಿ ಹಾಲೆಲ್ಲ ಡೇರಿಗೆ ಹೋಗಿ, ಉಳಿದದ್ದು ಕಾಫಿಗೆ, ಊಟಕ್ಕೆ ನೀರು ಮಜ್ಜಿಗೆ ಎಂದಾದರೆ ದಿನಕ್ಕೆ ಬೇಕಾದ 2.2 ಮೈಕ್ರೋಗ್ರಾಂ ಎಲ್ಲಿಂದ ಬರಬೇಕು? ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಥಟ್ಟನೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ನರಗಳು ಸೊರಗಿರುತ್ತವೆ, ತಡವಾದರೆ ಪೂರ್ತಿ ಚೇತರಿಸದೆಯೂ ಹೋಗಬಹುದು. ಹಾಗಾಗಿ ಪರೀಕ್ಷೆ ಮಾಡಿಸಿ ಕೊರತೆ ಕಂಡರೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಸಂಕೋಚವಿಲ್ಲದೆ ತಗೊಳ್ಳಿ. ‘ನಮ್ಮಜ್ಜ ಯಾವ ಮಾತ್ರೆ ತಿಂದಿದ್ದ?’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಜ್ಜನ ಕಾಲು ಜುಮುಗುಟ್ಟುತ್ತಿರಲಿಲ್ಲವೆಂದು ಬರೆದಿಟ್ಟವರು ಯಾರೂ ಇಲ್ಲ.

ರಕ್ತಹೀನತೆ ಇನ್ನೂ ಸೂಕ್ಷ್ಮದ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತ ಕಡಿಮೆ. ಸುಸ್ತು ಎಂದ ಹುಡುಗಿಗೆ ಮನೆಯವರು ಬೀಟ್‌ರೂಟ್ ರಸ ಕುಡಿಸುತ್ತಾರೆ. ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ ಮಾರಾಯ್ರೇ, ಬೀಟ್‌ರೂಟಿನಲ್ಲಿ ಕಬ್ಬಿಣ ಇರುವುದೇ ಅಲ್ಪ. ಹರಿವೆ, ನುಗ್ಗೆಸೊಪ್ಪು, ಹುರುಳಿ ಮೇಲು. ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾದ್ದರಿಂದ ಅದರ ಜೊತೆ ನಿಂಬೆಯೋ ನೆಲ್ಲಿಕಾಯಿಯೋ ಇರಬೇಕು, ಕಾಫಿ ಟೀ ಇರಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚಿಯೂ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಟೀ ಬೇಡವೆನ್ನುತ್ತದೆ. ಅದೇ ಸೂಚಿ ಪ್ರೋಟೀನ್ ಪುಡಿಗಳಿಂದಲೂ ದೂರವಿರಿ ಎಂದಿದೆ, ಜಿಮ್ಮಿಗೆ ಹೋಗುವವರು ಗಮನಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಮಲ ಕಪ್ಪಗಾಯಿತೆಂದು ಹೆದರಿ ಅದನ್ನು ಕಿಟಕಿಯಿಂದಾಚೆ ಎಸೆಯಬೇಡಿ, ಕಪ್ಪಗಾಗುವುದು ಸಹಜ.

ಇಷ್ಟೆಲ್ಲ ಮಾಡಿಯೂ ರಕ್ತ ಏರಲಿಲ್ಲವೆಂದರೆ? ಮಳೆಗಾಲದ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಅಂಗಾಲಿನಿಂದ ಕೊಕ್ಕೆಹುಳು ಒಳಸೇರಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಅದನ್ನು ಓಡಿಸದೆ ನೆಲ್ಲಿಕಾಯಿ ತಿಂದು ಫಲವಿಲ್ಲ. ತಿಂಗಳ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಅದನ್ನು ನಾಚಿಕೆ ಬಿಟ್ಟು ಹೇಳಬೇಕು. ಐವತ್ತು ದಾಟಿದ ಗಂಡಸಿಗೆ ರಕ್ತ ಕಡಿಮೆಯಾದರಂತೂ ಹೊಟ್ಟೆಯೊಳಗೆ ಎಲ್ಲೋ ಸೋರುತ್ತಿದೆಯೇ ಎಂದು ನೋಡಿಸಲೇಬೇಕು. ಟಾನಿಕ್ ಕುಡಿದು ಮುಖಕ್ಕೆ ಒಂದಿಷ್ಟು ಕಳೆ ಬಂದರೆ ಆ ಸೋರುವಿಕೆ ಇನ್ನಾರು ತಿಂಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಮ್ಮ ಸೀಮೆಯ ದೊಡ್ಡ ನಂಬಿಕೆ, ಕಾಮಾಲೆ ಮದ್ದು. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಕೇಳಿದರೂ ಕಾಮಾಲೆಗೆ ಸೊಪ್ಪು ಅರೆದು ಕೊಡುವವರ ವಿಳಾಸ ಸಿಗುತ್ತದೆ. ನೆಲನೆಲ್ಲಿ ಹಾಲಿನಲ್ಲಿ ಅರೆದು ಕೊಟ್ಟರು, ಮೂರು ವಾರಕ್ಕೆ ಕಣ್ಣು ಬೆಳ್ಳಗಾಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅಷ್ಟರೊಳಗೆ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ. ಆದರೆ ಕಣ್ಣು ಹಳದಿಯಾಗುವುದು ಪಿತ್ತನಾಳಕ್ಕೆ ಕಲ್ಲು ಅಡ್ಡಬಂದರೂ ಹೌದು, ಗೆಡ್ಡೆ ಬೆಳೆದರೂ ಹೌದು, ಹೆಪಟೈಟಿಸ್ ಬಿ ಆದರೂ ಹೌದು, ಇಲಿಜ್ವರವಾದರೂ ಹೌದು. ಬಸುರಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಇವೆಲ್ಲ ಮೂರು ವಾರ ಕಾಯುವ ಕಾಯಿಲೆಗಳಲ್ಲ. ಸೊಪ್ಪು ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ರಕ್ತ ಪರೀಕ್ಷೆ ಮಾಡಿಸದೆ ಅವರ ಬಾಗಿಲಿಗೆ ಹೋಗುವವರ ಮೇಲಿದೆ. ಉಪ್ಪು ಎಣ್ಣೆ ಬಿಡಿಸಿ ಬರೀ ಗಂಜಿಯಲ್ಲಿ ತಿಂಗಳಿಡುವ ಪಥ್ಯದಿಂದ ರೋಗಿ ಇನ್ನಷ್ಟು ಸೊರಗುತ್ತಾನೆ ಎಂಬುದೂ ತಲೆಯಲ್ಲಿರಲಿ.

ಕಾರಣ ಹುಡುಕುವುದು ಎಷ್ಟು ಕಷ್ಟವೆಂದು ತಿಳಿಯಲು ನೀವು ದೂರ ಹೋಗಬೇಕಿಲ್ಲ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾಗದ ಕಾಯಿಲೆ ಬಡ ಕೂಲಿಕಾರರ ಮನೆಗಳಲ್ಲಿ ಕಾಣಿಸಿತು. ಎಲ್ಲರ ಗುಮಾನಿ ಮೊದಲು ಹೋದದ್ದು ಊಟದ ಮೇಲೆ. ಕೀಟನಾಶಕ ಹೊಡೆದ ಗದ್ದೆಯ ಏಡಿ, ಮೀನು ತಿಂದದ್ದರಿಂದ ಎಂದರು. ಪೌಷ್ಟಿಕ ಆಹಾರವಿಲ್ಲದ್ದರಿಂದ ಎಂದರು. ಎರಡೂ ನಂಬುವಂಥ ಮಾತೇ ಆಗಿದ್ದವು, ಏಕೆಂದರೆ ಅವರು ಏಡಿ ತಿನ್ನುತ್ತಿದ್ದುದೂ ನಿಜ, ಬಡವರಾಗಿದ್ದುದೂ ನಿಜ. ವಂಶಾವಳಿಗಳನ್ನು ಬರೆದು, ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅದು ತಂದೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಎಲುಬಿನ ಕಾಯಿಲೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಓದಿಬಂದ ತಂಡಗಳಿಗೇ ಅಷ್ಟು ಸುತ್ತು ಬೇಕಾಯಿತು. ಅಂಥದ್ದರಲ್ಲಿ ಒಂದು ನಿಮಿಷದ ವಿಡಿಯೊದಲ್ಲಿ ನಿಮ್ಮ ಅಪ್ಪನ ಮಂಡಿಯನ್ನು ನೋಡದೆಯೇ ಅರಿಸಿನದ ಕ್ಯಾಪ್ಸೂಲ್ ಮಾರುವವನ ಧೈರ್ಯ ಮೆಚ್ಚಬೇಕು.

ಅರಿಸಿನ ಸಾರಿಗೆ ಹಾಕುವುದು ಬೇರೆ, ಅದರ ಸಾರ ಹಿಂಡಿ, ಮೈ ಹೆಚ್ಚು ಹೀರಲೆಂದು ಮೆಣಸಿನ ಸತ್ವ ಸೇರಿಸಿ ದಿನಾ ನುಂಗುವುದು ಬೇರೆ. ಅಂಥ ಕ್ಯಾಪ್ಸೂಲುಗಳಿಂದ ಯಕೃತ್ತು ಊದಿದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾದವು, ಆಮೇಲೆ ಅಮೆರಿಕದಲ್ಲೂ. ಕೊರೊನಾ ಕಾಲದಲ್ಲಿ ಎಲ್ಲರೂ ಕುಡಿದ ಅಮೃತಬಳ್ಳಿಯ ಬಗ್ಗೆಯೂ ಮುಂಬೈಯ ವೈದ್ಯರು 2021ರಲ್ಲಿ ಇಂಥದೇ ವರದಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಅವರಿಗಿರಲಿ. ತಿಂಗಳುಗಟ್ಟಲೆ ದಿನಾ ಕುಡಿಯುವುದು ನಮ್ಮ ಹಿರಿಯರ ಪದ್ಧತಿಯೂ ಆಗಿರಲಿಲ್ಲ. ಅವರು ಮದ್ದನ್ನು ಮದ್ದಿನಂತೆ ಮೂರು ದಿನವೋ ಏಳು ದಿನವೋ ಕುಡಿದು ನಿಲ್ಲಿಸುತ್ತಿದ್ದರು. ಇನ್ನು ಬಯೋಟಿನ್: ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಮುಂತಾದ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು. ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿ ಯನ್ನು ದಿನಕ್ಕೊಂದರಂತೆ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕುತ್ತು. ಮಳೆಯ ಆಗುಂಬೆ ಇರುವ ತಾಲೂಕಿನವರಾದ ನಮಗೆ ವರ್ಷದಲ್ಲಿ ನಾಲ್ಕು ತಿಂಗಳು ಬಿಸಿಲೇ ಅಪರೂಪ, ಕೊರತೆ ಇದ್ದರೂ ಇರಬಹುದು. ಅಳೆಸಿ ತಿಳಿಯಿರಿ.

ಅಡಿಕೆ ಸೀಮೆಯವನಾಗಿ ಇದನ್ನೂ ಹೇಳಲೇಬೇಕು. ಉಂಡದ್ದು ಕರಗಲೆಂದು ಎಲೆಯಡಿಕೆಯ ಕವಳ ಹಾಕುತ್ತೇವೆ. ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಸಂಪುಟದಲ್ಲಿ ಪ್ರಕಟಿಸಿದೆ. ಬಾಯಿ ಬಿಗಿದು ತುತ್ತು ಹೋಗದಂತಾಗುವ ಕಾಯಿಲೆಯೂ ಇದರಿಂದಲೇ. ತೋಟ ನಮಗೆ ಅನ್ನ ಕೊಟ್ಟಿದೆ, ಅದಕ್ಕಾಗಿ ಈ ಮಾತನ್ನು ಮುಚ್ಚಿಡಲಾಗದು. ಊಟದ ಮೇಲೆ ಜೀರಿಗೆ ಅಗಿಯಿರಿ, ಓಮ ಅಗಿಯಿರಿ. ಮಿಡಿ ಉಪ್ಪಿನಕಾಯಿಯ ವಿಷಯದಲ್ಲೂ ರಕ್ತದೊತ್ತಡವಿರುವವರು ಕೈ ಬಿಗಿಹಿಡಿಯಬೇಕು. ದಿನಕ್ಕೆ 5 ಗ್ರಾಂ ಒಳಗಿರಬೇಕಾದ ಉಪ್ಪಿನಲ್ಲಿ ಒಂದಿಷ್ಟನ್ನು ಒಂದೇ ಮಿಡಿ ನುಂಗಿಬಿಡುತ್ತದೆ.

ಶೀತ ಕೆಮ್ಮಿಗೆ ಮೆಣಸು ಶುಂಠಿ ಬೆಲ್ಲದ ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಆದರೆ ಡಿಸೆಂಬರಿನಿಂದ ಮೇ ತಿಂಗಳೊಳಗೆ ಕಾಡಿಗೋ ತೋಟಕ್ಕೋ ಹೋಗಿ ಬಂದವರಿಗೆ ತಲೆ ಸಿಡಿದು, ಮೈಕೈ ನೋವಿನೊಂದಿಗೆ ಜ್ವರ ಏರಿದರೆ ಒಲೆ ಹಚ್ಚುತ್ತ ಕೂರಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ನಮ್ಮ ತಾಲೂಕು ಬಿಟ್ಟು ಹೋಗಿಲ್ಲ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಈ ಸಲ ಊರಿಗೆ ಬಂದಾಗ ಮನೆಯ ಹಿರಿಯರ ಮಾತ್ರೆಗಳನ್ನೂ, ನೀವೇ ಕಳಿಸಿದ ಡಬ್ಬಿಗಳನ್ನೂ, ಅವರು ಕುಡಿಯುವ ಸೊಪ್ಪು ಬೇರುಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಪ್ರಮಾಣ ಸಮೇತ. ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ಆ ಹಾಳೆ ಹಿರಿಯರ ಜೇಬಿನಲ್ಲಿರಲಿ. ಕಷಾಯದ ಮಾತು ಎತ್ತಿದರೆ ಡಾಕ್ಟರು ಬೈಯುತ್ತಾರೆಂದು ಅವರು ಮುಚ್ಚಿಡುತ್ತಾರೆ, ನೀವು ಮುಚ್ಚಿಡಬೇಡಿ.