ಸ್ನಾಯುವಿನ ಮಿಣಿ: ಡಿಸ್ಟ್ರೋಫಿನ್



ಎತ್ತುಗಳು ಎಷ್ಟೇ ಬಲವಾಗಿರಲಿ, ನೊಗವನ್ನು ಈಸಿಗೆ ಬಿಗಿದ ಮಿಣಿ ಹರಿದರೆ ಕೂರಿಗೆ ಸಾಗದು. ರೋಣದ ಎರೆಹೊಲವಾಗಲಿ, ನರಗುಂದದ ಕಾಲುವೆ ನೀರಿನ ಹೊಲವಾಗಲಿ, ಗಜೇಂದ್ರಗಡದ ಗುಡ್ಡದ ಬದಿಯಾಗಲಿ, ಇದು ನಿಮಗೆ ತಿಳಿದ ಮಾತೇ. ನಮ್ಮ ಸ್ನಾಯುಗಳಲ್ಲಿಯೂ ಇಂಥ ಮಿಣಿಯೊಂದು ಉಂಟು. ಅದು ಡಿಸ್ಟ್ರೋಫಿನ್ ಎಂಬ ಪ್ರೋಟೀನು. ವಿಜ್ಞಾನಿಗಳು ಇದನ್ನು ೧೯೮೭ರಲ್ಲಿ ಗುರುತಿಸಿದರು.

ಸ್ನಾಯುವಿನ ಪ್ರತಿ ಎಳೆಗೂ ತೆಳುವಾದ ಹೊದಿಕೆಯಿದೆ. ಒಳಗಿನ ನಾರುಗಳನ್ನು ಆ ಹೊದಿಕೆಗೆ ಬಿಗಿದು ಹಿಡಿಯುವುದು ಡಿಸ್ಟ್ರೋಫಿನ್ನಿನ ಕೆಲಸ. ಅದು ಇಲ್ಲದಿದ್ದರೆ ಸ್ನಾಯು ಎಳೆದಾಡಿದಂತೆಲ್ಲ ಹೊದಿಕೆ ಹರಿಯುತ್ತದೆ. ಮೊದಲು ಮೈ ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಬರಬರುತ್ತ ಸ್ನಾಯುವಿನ ಜಾಗದಲ್ಲಿ ಕೊಬ್ಬು ಕೂಡುತ್ತದೆ. ಇದೇ ಡುಶೆನ್ ಸ್ನಾಯುಕ್ಷಯ. ಸುಮಾರು ೫,೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ.

ಗುರುತಿಸುವುದು ಹೇಗೆ? ೨ರಿಂದ ೫ ವರ್ಷದೊಳಗೆ ಹುಡುಗ ಮೇಲಿಂದ ಮೇಲೆ ಬೀಳುತ್ತಾನೆ. ಮೆಟ್ಟಿಲು ಹತ್ತಲು ಕಷ್ಟಪಡುತ್ತಾನೆ. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತಾನೆ. ಮೀನಖಂಡ ಮಾತ್ರ ದಪ್ಪಗಿದ್ದು, ಗಟ್ಟಿಮುಟ್ಟಾದವನಂತೆ ಕಾಣುತ್ತಾನೆ. ಅವನನ್ನು ಮೈಗಳ್ಳನೆಂದು ಬಯ್ಯಬೇಡಿರಿ. ಹಾಲು ಬೆಣ್ಣೆ ತಿನ್ನಿಸಿದರೆ ಈ ಮಿಣಿ ಹುಟ್ಟದು; ಭಾರಿ ಕಸರತ್ತು ಮಾಡಿಸಿದರೆ ಹಾನಿಯೇ ಹೆಚ್ಚು.

ನೀವು ಮಾಡತಕ್ಕದ್ದು:

೧. ಮಗುವನ್ನು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿರಿ. ರಕ್ತದ ಸಿ.ಕೆ. ಪರೀಕ್ಷೆಯ ವಿಷಯ ಕೇಳಿರಿ. ಸ್ನಾಯು ಹರಿಯುತ್ತಿದ್ದರೆ ಆ ಅಂಶ ರಕ್ತದಲ್ಲಿ ಹಲವು ಪಟ್ಟು ಏರಿರುತ್ತದೆ. ಮುಂದಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

೨. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ವೈದ್ಯರು ಕೊಡುವ ಸ್ಟೀರಾಯ್ಡ್ ಗುಳಿಗೆಯಿಂದ ಹುಡುಗ ಇನ್ನೂ ಕೆಲವು ವರ್ಷ ನಡೆದಾಡಬಲ್ಲ. ಅದನ್ನು ತಟ್ಟನೆ ನಿಲ್ಲಿಸಬಾರದು. ಹೃದಯ ಮತ್ತು ಉಸಿರಾಟದ ತಪಾಸಣೆಯನ್ನು ತಪ್ಪಿಸಬಾರದು.

೩. ಸೊಸೆಯನ್ನು ದೂರಬೇಡಿರಿ. ಈ ದೋಷ ತಾಯಿಯ ಕಡೆಯಿಂದ ಬರಬಹುದು. ಆದರೆ ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಅದು ಹೊಸದಾಗಿಯೇ ಹುಟ್ಟುತ್ತದೆ. ಯಾರ ತಪ್ಪೂ ಅಲ್ಲ. ಇನ್ನೊಂದು ಮಗು ಬೇಕೆನ್ನುವ ಮೊದಲು ತಾಯಿಯೂ, ಮದುವೆಗೆ ಬಂದ ಅಕ್ಕತಂಗಿಯರೂ ವೈದ್ಯರ ಸಲಹೆ ಪಡೆಯಲಿ.

೪. ಶಾಲೆ ಬಿಡಿಸಬೇಡಿರಿ. ಈ ರೋಗ ಕೈಕಾಲುಗಳನ್ನು ಸೋಲಿಸಿದರೂ ಹೆಚ್ಚಿನ ಹುಡುಗರು ಕಲಿಯಬಲ್ಲರು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಆದ್ದರಿಂದ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿರಿ.

ಮಿಣಿ ಹರಿಯಿತೆಂದು ಎತ್ತಿಗೆ ಬಾರುಕೋಲು ಬೀಸುವ ಒಕ್ಕಲಿಗನಿಲ್ಲ. ಬಿದ್ದು ಏಳುವ ಮಗುವಿಗೂ, ಕಣ್ಣೀರಿಡುವ ತಾಯಿಗೂ ಅದೇ ನ್ಯಾಯ ಸಲ್ಲಲಿ.