ಹ್ಯೂಸ್ಟನ್‌ನಲ್ಲಿ ಮನೆ ಹಿಡಿಯುವ ಮುನ್ನ ಊರನ್ನು ತಿಳಿಯಿರಿ

ಹ್ಯೂಸ್ಟನ್ ಎಂದರೆ ಎಣ್ಣೆ ಕಂಪನಿಗಳ ಊರು ಎಂದುಕೊಂಡೇ ಅನೇಕ ಕನ್ನಡ ಕುಟುಂಬಗಳು ಇಲ್ಲಿಗೆ ಬಂದಿಳಿಯುತ್ತವೆ. ಪರಿಚಯದವರು ಇರುವ ಕಡೆಯೇ ಅಪಾರ್ಟ್‌ಮೆಂಟ್ ಹಿಡಿದು, ವರ್ಷದ ಲೀಸ್‌ಗೆ ಸಹಿ ಹಾಕುತ್ತವೆ. ಅವಸರ ಬೇಡ. ಈ ಊರಿನಲ್ಲಿ ಯಾರಿದ್ದಾರೆ, ಯಾವ ಕೆಲಸ ಯಾವ ದಿಕ್ಕಿನಲ್ಲಿದೆ ಎಂಬುದು ಗೊತ್ತಾದರೆ ಮನೆ, ಶಾಲೆ, ಪ್ರಯಾಣ ಮೂರೂ ಹಗುರಾಗುತ್ತವೆ.

2020ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 23,04,580. ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೊ ಬಿಟ್ಟರೆ ಅಮೆರಿಕದಲ್ಲಿ ಇದೇ ದೊಡ್ಡದು. ಸುತ್ತಲಿನ ಕೌಂಟಿಗಳೂ ಸೇರಿದರೆ 70 ಲಕ್ಷ ದಾಟುತ್ತದೆ. ನಗರದ ವಿಸ್ತೀರ್ಣವೇ ಸುಮಾರು 1,650 ಚದರ ಕಿಲೋಮೀಟರ್. ಬೆಂಗಳೂರಿನ ಹಳೆಯ ಬಿಬಿಎಂಪಿ ವ್ಯಾಪ್ತಿಯ ಎರಡು ಪಟ್ಟಿಗೂ ಹೆಚ್ಚು.

ಇಲ್ಲಿ ಯಾವೊಂದು ಸಮುದಾಯವೂ ಬಹುಸಂಖ್ಯಾತವಲ್ಲ. ಲ್ಯಾಟಿನ್ ಅಮೆರಿಕ ಮೂಲದವರು ನೂರಕ್ಕೆ 44ರಷ್ಟಿದ್ದಾರೆ. ಬಿಳಿಯರು, ಕಪ್ಪು ಜನರು ತಲಾ ಕಾಲುಭಾಗದ ಆಸುಪಾಸು. ಏಷ್ಯಾದವರು ಶೇಕಡ 7ರಷ್ಟು. ನಗರದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬೇರೆ ದೇಶದಲ್ಲಿ ಹುಟ್ಟಿದವರು. 1975ರ ನಂತರ ಬಂದ ವಿಯೆಟ್ನಾಂ ನಿರಾಶ್ರಿತರು ಇಲ್ಲಿ ನೆಲೆಯೂರಿ ಅಂಗಡಿ, ಹೋಟೆಲುಗಳನ್ನು ಕಟ್ಟಿದರು. ಇಂದು ಬೆಲೆಯರ್ ಬೊಲೆವಾರ್ಡ್‌ನ ಉದ್ದಕ್ಕೂ ಅವರ ಫಲಕಗಳು ಕಾಣುತ್ತವೆ. ಹಿಲ್‌ಕ್ರಾಫ್ಟ್ ಬೀದಿಯ ಆಸುಪಾಸಿಗೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರಿದೆ. ದಿನಸಿ, ಸೀರೆ, ಒಡವೆ ಎಲ್ಲವೂ ಅಲ್ಲಿ ಸಿಗುತ್ತವೆ. ನೈರುತ್ಯದ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಐವರಲ್ಲಿ ಒಬ್ಬರು ಏಷ್ಯಾ ಮೂಲದವರು. ಶುಗರ್ ಲ್ಯಾಂಡ್ ಎಂಬ ಉಪನಗರ ಇರುವುದು ಅಲ್ಲಿಯೇ.

ಇನ್ನು ಕೆಲಸದ ವಿಚಾರ. ತೈಲ ಮತ್ತು ಅನಿಲ ಕಂಪನಿಗಳ ಕಚೇರಿಗಳು ಡೌನ್‌ಟೌನ್‌ನಲ್ಲೂ ಪಶ್ಚಿಮದ ಎನರ್ಜಿ ಕಾರಿಡಾರ್‌ನಲ್ಲೂ ಇವೆ. ಡೌನ್‌ಟೌನ್‌ನ ದಕ್ಷಿಣಕ್ಕೆ ಟೆಕ್ಸಸ್ ಮೆಡಿಕಲ್ ಸೆಂಟರ್. ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಕೀರ್ಣವಾದ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಪೂರ್ವದಲ್ಲಿ 1914ರಲ್ಲಿ ತೆರೆದ ಹಡಗು ಕಾಲುವೆ, ಅದರ ದಡದಲ್ಲಿ ರಾಸಾಯನಿಕ ಕಾರ್ಖಾನೆಗಳು. ಆಗ್ನೇಯದ ಕ್ಲಿಯರ್ ಲೇಕ್ ಬಳಿ ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರ. ಪಶ್ಚಿಮದ ಕೇಟಿಯಲ್ಲಿ ಮನೆ ಮಾಡಿ ಕ್ಲಿಯರ್ ಲೇಕ್‌ನಲ್ಲಿ ಕೆಲಸ ಹಿಡಿದವರು ದಿನವೂ ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ರೈಲು ಮಾರ್ಗ ಚಿಕ್ಕದು. ಕಾರಿಲ್ಲದೆ ಸಂಸಾರ ನಡೆಯುವುದು ಕಷ್ಟ. ನೆಲೆಸಲು ಬಂದವರು ಟೆಕ್ಸಸ್ ಡ್ರೈವಿಂಗ್ ಲೈಸೆನ್ಸನ್ನು 90 ದಿನಗಳೊಳಗೆ ಪಡೆಯಬೇಕು.

ಎಣ್ಣೆಯ ಬೆಲೆ ಬಿದ್ದಾಗಲೆಲ್ಲ ಈ ಊರು ನಲುಗಿದೆ. 1980ರ ದಶಕದ ಕುಸಿತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಉದ್ಯೋಗಗಳು ಹೋದವು. ಎಚ್-1ಬಿ ವೀಸಾದಲ್ಲಿ ಇರುವವರು ಕೆಲಸ ಕಳೆದುಕೊಂಡರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಕೆಲಸ ಗಟ್ಟಿಯಾಗಿರುವಾಗಲೇ ಆಸ್ಪತ್ರೆ, ಬಂದರು, ಬಾಹ್ಯಾಕಾಶ ಕ್ಷೇತ್ರದವರ ಪರಿಚಯ ಮಾಡಿಕೊಳ್ಳುವುದು ಅದಕ್ಕೇ ಮುಖ್ಯ.

ಎಚ್-4 ವೀಸಾದಲ್ಲಿ ಬಂದ ಸಂಗಾತಿಗೆ ಕೆಲಸ ಮಾಡಲು ಪ್ರತ್ಯೇಕ ಅನುಮತಿ ಬೇಕು. ಎಚ್-1ಬಿ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿಗದಿತ ಹಂತ ತಲುಪಿದ ಮೇಲೆ ಈ ಅನುಮತಿಗೆ ಅರ್ಜಿ ಹಾಕುವ ಅವಕಾಶ 2015ರಿಂದ ಇದೆ. ಓದಲು ಮಾತ್ರ ಎಚ್-4ನಲ್ಲಿ ಅಡ್ಡಿಯಿಲ್ಲ; ಹ್ಯೂಸ್ಟನ್ ಕಮ್ಯುನಿಟಿ ಕಾಲೇಜು ಒಳ್ಳೆಯ ದಾರಿ. ನರ್ಸ್‌, ವೈದ್ಯರಾಗಿದ್ದವರು ಅನುಮತಿಗೆ ಕಾಯುವ ಕಾಲದಲ್ಲೇ ಇಲ್ಲಿನ ಲೈಸೆನ್ಸ್ ಪರೀಕ್ಷೆಗಳಿಗೆ ಸಿದ್ಧವಾಗಬಹುದು.

ಮನೆಯ ವಿಷಯದಲ್ಲಿ ಇನ್ನೊಂದು ಎಚ್ಚರ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಸುರಿಸಿದ ಮಳೆಗೆ ಸಾವಿರಾರು ಮನೆಗಳು ಮುಳುಗಿದವು. ಸಾಮಾನ್ಯ ಮನೆ ವಿಮೆಯಲ್ಲಿ ನೆರೆಹಾನಿಗೆ ಪರಿಹಾರ ಸಿಗುವುದಿಲ್ಲ. ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ ಜಾರಿಗೆ ಬರುವುದು ಕೊಂಡ 30 ದಿನಗಳ ನಂತರ. ಮಕ್ಕಳ ಸರ್ಕಾರಿ ಶಾಲೆ ಕೂಡ ಮನೆಯ ವಿಳಾಸದ ಮೇಲೆಯೇ ನಿಂತಿದೆ.

ಆದ್ದರಿಂದ ಹೊಸದಾಗಿ ಬಂದ ಕುಟುಂಬಗಳಲ್ಲಿ ಒಂದೇ ಕೋರಿಕೆ: ಲೀಸ್‌ಗೆ ಸಹಿ ಹಾಕುವ ಮುನ್ನ ಕಚೇರಿಯ ದೂರ, ಶಾಲೆಯ ವಲಯ, ನೆರೆಯ ನಕ್ಷೆ ಈ ಮೂರನ್ನು ನೋಡಿ. ತಿಳಿಯದಿದ್ದರೆ ಕನ್ನಡಿಗರ ಕೂಟದಲ್ಲಿ ಹಲವು ವರ್ಷ ಇಲ್ಲಿ ಬಾಳಿದವರನ್ನು ಸಂಕೋಚವಿಲ್ಲದೆ ಕೇಳಿ.